ಡೊರೊಥಿ ಹಾಡ್ಜ್‌ಕಿನ್ನರ ಕಾಗದಪತ್ರಗಳು

ವಿಜ್ಞಾನಿಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅವರ ಶೋಧಗಳ ಪಟ್ಟಿಯಿಂದಲೇ ಬರೆದು ಮುಗಿಸುತ್ತೇವೆ. ಅವರು ಬಿಟ್ಟುಹೋದ ಕಾಗದಪತ್ರಗಳು ಹೇಳುವ ಚರಿತ್ರೆ ಬೇರೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಡೊರೊಥಿ ಹಾಡ್ಜ್‌ಕಿನ್ (1910–1994) ಅವರ ಸಂಗ್ರಹ ಇದಕ್ಕೊಂದು ನಿದರ್ಶನ. ಪೆನಿಸಿಲಿನ್ ಮತ್ತು ಬಿ-12 ಜೀವಸತ್ವದ ಅಣುರಚನೆಯನ್ನು ಕ್ಷ-ಕಿರಣಗಳ ನೆರವಿನಿಂದ ಕಂಡುಹಿಡಿದು, 1964ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಇವರು.

ಶೋಧಗಳ ಪಟ್ಟಿಯಲ್ಲಿ ಸ್ಥಳವಿಲ್ಲದ ಸಂಗತಿಯೊಂದುಂಟು. 1928ರಲ್ಲಿ, ವಿಶ್ವವಿದ್ಯಾನಿಲಯ ಸೇರುವ ಮುನ್ನ, ಉತ್ಖನನದಲ್ಲಿ ತೊಡಗಿದ್ದ ತಂದೆತಾಯಿಗಳೊಡನೆ ಜೋರ್ಡಾನಿನ ಜೆರಾಷ್‌ಗೆ ಹೋಗಿ, ಪುರಾತನ ಇಗರ್ಜಿಗಳ ಬಣ್ಣಗಲ್ಲಿನ ನೆಲಹಾಸುಗಳನ್ನು ಅವರು ಅಳತೆಯಿಟ್ಟು ಚಿತ್ರಿಸಿದರು. ವಿನ್ಯಾಸವೊಂದು ಕ್ರಮವಾಗಿ ಮರುಕಳಿಸುವುದು ಆ ನೆಲದ ಸೊಬಗು. ಹರಳಿನ ಒಳಗುಟ್ಟೂ ಅದೇ. ಒಂದೊಂದೇ ಕಲ್ಲನ್ನು ಗುರುತಿಸಿದ ಆ ಸಹನೆಯೇ ಮುಂದೆ ಇನ್ಸುಲಿನ್ನಿಗೂ ಒದಗಿತೆಂದು ನಾನು ಭಾವಿಸುತ್ತೇನೆ. ಅದರ ಹರಳಿನ ಕ್ಷ-ಕಿರಣ ಚಿತ್ರವನ್ನು 1935ರಲ್ಲಿ ಪ್ರಕಟಿಸಿದವರು, ಸಂಧಿವಾತದಿಂದ ಬೆರಳುಗಳು ಸೊಟ್ಟಗಾದರೂ ಬಿಡದೆ, 1969ರಲ್ಲಿ ಅದರ ರಚನೆಯನ್ನು ಬಿಡಿಸಿದರು. ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದೇ ವಿದ್ಯೆಯನ್ನು ಬೆಳೆಸಿದರು.

ರಾಜಕೀಯ ಒಲವುಗಳ ಕಾರಣಕ್ಕೆ 1953ರಲ್ಲಿ ಅಮೆರಿಕ ಅವರಿಗೆ ಪ್ರವೇಶ ನಿರಾಕರಿಸಿತು. 1976ರಿಂದ 1988ರವರೆಗೆ ಅವರು ಅಣ್ವಸ್ತ್ರಗಳ ಅಪಾಯವನ್ನು ಚರ್ಚಿಸುವ ಪಗ್‌ವಾಷ್ ಸಮ್ಮೇಳನಗಳ ಅಧ್ಯಕ್ಷರಾಗಿದ್ದರು.

ಸೂಚಿ ತಯಾರಿಸುವವರು ವಿಜ್ಞಾನ, ಶಾಂತಿ, ಸಂಸಾರ ಎಂದು ಕಟ್ಟುಗಳನ್ನು ಬೇರ್ಪಡಿಸಲೇಬೇಕು. ಬಾಳಿದವರು ಹಾಗೆ ಬೇರ್ಪಡಿಸಿ ಬಾಳಲಿಲ್ಲ. ನಮ್ಮಲ್ಲಿಯೂ ವಿದ್ವಾಂಸರು ತೀರಿಕೊಂಡಾಗ, ಗ್ರಂಥಗಳನ್ನಷ್ಟೇ ಇರಿಸಿಕೊಂಡು ಮಿಕ್ಕ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ, ಮನೆಯವರು ಒಮ್ಮೆ ಯೋಚಿಸಲೆಂದು ನನ್ನ ಬಿನ್ನಹ.