ಒಡ್ಡು ಹಾಕಿದವನಿಗೆ ಏನು ಸಿಕ್ಕಿತು?

ಈ ಸಲ ಬೀಜ, ಗೊಬ್ಬರದ ಸುದ್ದಿ ಬಿಟ್ಟು ಸ್ವಲ್ಪ ಇತಿಹಾಸ ಬರೀತೀನಿ. ಉದ್ದ ಐತಿ, ಬಿಡುವಾದಾಗ ಕುಂತು ಓದ್ರಿ.

ಪ್ರಶ್ನೆ ಒಂದ ಐತಿ. ಹೊಲ ಮಾರಿದವನಿಗೆ ರೊಕ್ಕ ಸಿಗೋದನ್ನ ನಾವೆಲ್ಲ ನೋಡೀವಿ. ಬೆಳಗಾವಿ ಸುತ್ತ ಗದ್ದಿ ಹೋಗಿ ಲೇಔಟ್ ಆಗೋದು ದಿನಾ ಕಾಣೋ ಮಾತು. ನಮ್ಮ ಖಾನಾಪುರದಾಗ ಇಟ್ಟಂಗಿ ಭಟ್ಟಿಗೆ ಮೇಲ್ಮಣ್ಣು ಕೊಟ್ಟವನಿಗೂ ರೊಕ್ಕ ಸಿಗ್ತೈತಿ. ಆದ್ರ ಮಾರದೇ, ಮಣ್ಣು ಕೊಡದೇ, ಬದು ಕಟ್ಟಿಕೊಂಡು ಭೂಮಿ ಕಾಯ್ದವನಿಗೆ ಆಳಿದವರು ಏನು ಕೊಟ್ಟರು? ಹಿಂದಿನಿಂದ ನೋಡಿಕೊಂಡು ಬರೋಣ.

ಮೊದಲು ಹಳೇ ಕಾಲ. ನಮ್ಮ ತಾಲೂಕಿನ ಹಲಸಿ ಕದಂಬರ ಎರಡನೇ ರಾಜಧಾನಿ ಇದ್ದಂಗ ಇತ್ತು. ಅಲ್ಲಿ ಸಿಕ್ಕ ತಾಮ್ರದ ಶಾಸನಗಳಲ್ಲಿ ಭೂಮಿಯನ್ನು ನಿವರ್ತನ ಲೆಕ್ಕದಲ್ಲಿ ಅಳೆದು ದಾನ ಕೊಟ್ಟ ಮಾತು ಬರುತ್ತದೆ. ಆ ದಾನಗಳು ಹೆಚ್ಚಾಗಿ ಬಸದಿಗಳಿಗೆ ಸಂಬಂಧಿಸಿದವು, ರೈತನಿಗಲ್ಲ. ಆದರೆ ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ಎರಡು ಪದ ಸಿಗುತ್ತವೆ, ಅವು ನಮಗೆ ಬೇಕಾದವು: ಕಟ್ಟುಗೊಡಗೆ ಮತ್ತು ಬಿತ್ತುವಟ್ಟ. ಕೆರೆ ಕಟ್ಟಿದವನಿಗೆ, ಒಡೆದ ಏರಿ ರಿಪೇರಿ ಮಾಡಿದವನಿಗೆ ಆ ಕೆರೆಯ ಕೆಳಗೇ ಒಂದಿಷ್ಟು ಗದ್ದೆ ಬಿಟ್ಟುಕೊಡುತ್ತಿದ್ದರು. ಕೆರೆ ನಿರ್ವಹಣೆಗೆ ಬೆಳೆಯಲ್ಲಿ ಒಂದು ಪಾಲು, ಇಲ್ಲವೇ ಭೂಮಿ ತೆಗೆದಿಡುತ್ತಿದ್ದರು. ಇದರೊಳಗಿನ ಜಾಣತನ ನೋಡ್ರಿ. ಕೆರೆ ಉಳಿದರೆ ಮಾತ್ರ ಆ ಗದ್ದೆಗೆ ನೀರು. ಕಟ್ಟಿ ಕೈ ತೊಳೆದುಕೊಳ್ಳಲಿಕ್ಕೆ ಬರುವಂಗಿಲ್ಲ, ವರ್ಷಾ ವರ್ಷಾ ಕಾಯಲೇಬೇಕು.

ಈಗ ಇಂಗ್ಲೀಷರ ಕಾಲ. ನಾವು ಮುಂಬಯಿ ಇಲಾಖೆಗೆ ಸೇರಿದ್ದವರು, ಮೈಸೂರಿನವರಲ್ಲ. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಅನ್ನೋ ಅಧಿಕಾರಿಗಳ ಪದ್ಧತಿಯಲ್ಲಿ ಹೊಲಕ್ಕೆ ಸರ್ವೇ ನಂಬರ್ ಬಿತ್ತು, 30 ವರ್ಷಕ್ಕೊಮ್ಮೆ ಕಂದಾಯ ನಿಗದಿ ಆಯಿತು. 1879ರ ಮುಂಬಯಿ ಕಂದಾಯ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತು ಇತ್ತು: ರೈತ ತನ್ನ ಸ್ವಂತ ಖರ್ಚಿನಲ್ಲಿ ಬಾವಿ ತೋಡಿ ಭೂಮಿ ಸುಧಾರಿಸಿಕೊಂಡರೆ, ಆ ಸುಧಾರಣೆ ನೋಡಿ ಕಂದಾಯ ಏರಿಸುವಂತಿಲ್ಲ. ಆಗ ಕಂದಾಯ ಅಂದ್ರ ರೈತನ ಎದಿ ಮ್ಯಾಲಿನ ಕಲ್ಲು. ಆ ಕಲ್ಲು ದೊಡ್ಡದು ಆಗೋದಿಲ್ಲ ಅನ್ನೋ ಭರವಸೆಗೆ ಬೆಲೆ ಇತ್ತು. ಈಗ ಅದೇ ವಿನಾಯಿತಿ ಕೊಟ್ಟರೆ ಯಾರಿಗೆ ಬೇಕು? ನಮ್ಮ ಕಂದಾಯ ಚಹಾದ ರೊಕ್ಕಕ್ಕೆ ಬಂದು ನಿಂತೈತಿ.

ಇನ್ನೊಂದು ನೆನಪಿಡ್ರಿ, ಮುಂದೆ ಬೇಕಾಗ್ತೈತಿ. 1869ರ ಲೋಕಲ್ ಫಂಡ್ ಕಾಯ್ದೆ ಪ್ರಕಾರ ಒಂದು ರೂಪಾಯಿ ಕಂದಾಯಕ್ಕೆ ಒಂದು ಆಣೆ ಸೆಸ್ ವಸೂಲಿ ಆಗುತ್ತಿತ್ತು. ಅದರಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಸಾಲಿಗೆ. ಅಂದ್ರ ಸ್ಥಳೀಯ ಆಡಳಿತದ ಚೀಲ ತುಂಬುತ್ತಿದ್ದದ್ದು ಹೊಲದಿಂದ. ಹೊಲ ಹಾಳುಬಿದ್ದರೆ ಅವರ ಆದಾಯವೂ ಹಾಳು.

1876ರಿಂದ ದೊಡ್ಡ ಬರ ಬಿತ್ತು. ಅದರ ನಂತರ ಕ್ಷಾಮ ಆಯೋಗ ಕುಂತು, 1883ರಲ್ಲಿ ಭೂ ಸುಧಾರಣಾ ಸಾಲದ ಕಾಯ್ದೆ ಬಂತು. ನಮ್ಮ ಹಿರಿಯರು ತಗಾವಿ ಅಂತಿದ್ದದ್ದು ಇದನ್ನೇ. ಬಾವಿಗೆ, ಒಡ್ಡಿಗೆ ಸರ್ಕಾರ ಸಾಲ ಕೊಡುತ್ತಿತ್ತು, ಕಂತಿನಲ್ಲಿ ವಸೂಲಿ ಮಾಡುತ್ತಿತ್ತು. ಕೊಡುಗೆ ಹೋಗಿ ಸಾಲ ಆಯಿತು. ತೀರದಿದ್ದರೆ ಕಂದಾಯ ಬಾಕಿ ಹಂಗ ವಸೂಲಿ. ಹಿಂಗಾಗಿ ಅನೇಕರು ತಗಾವಿಗಿಂತ ಊರ ಸಾವುಕಾರನೇ ಬೇಕು ಅಂತ ಹೋದರು.

1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ ಕಡೆ ಒಣ ಬೇಸಾಯದ ಸಂಶೋಧನೆ ನಡೆಯಿತು. ಇಳಿಜಾರಿಗೆ ಅಡ್ಡ ಒಡ್ಡು ಹಾಕಿದರೆ ಮಳೆನೀರು ಇಂಗಿ ಜೋಳ ಉಳಿತೈತಿ ಅಂತ ತೋರಿಸಿದರು. 1942ರಲ್ಲಿ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂತು. ಇದರಡಿ ಸರ್ಕಾರವೇ ಒಂದು ಪ್ರದೇಶಕ್ಕೆಲ್ಲ ಒಡ್ಡು ಹಾಕಿ ಖರ್ಚಿನ ಪಾಲನ್ನು ಭೂಮಾಲೀಕರಿಂದ ವಸೂಲಿ ಮಾಡಬಹುದಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಈ ರಾಜ್ಯವೂ ತನ್ನದೇ ಭೂ ಅಭಿವೃದ್ಧಿ ಕಾಯ್ದೆ ಮಾಡಿತು.

ಈ ಒಡ್ಡುಗಳ ಕಥಿ ಹಿರಿಯರ ಬಾಯಾಗ ನೀವೂ ಕೇಳಿರಬೇಕು. ನಮ್ಮಜ್ಜ ಅವನ್ನು "ಸರ್ಕಾರಿ ಒಡ್ಡು" ಅಂತಿದ್ದ. ಆ ಹೆಸರಿನಾಗ ಎಲ್ಲಾ ಬಂತು. ಒಡ್ಡು ಇಳಿಜಾರು ನೋಡಿ ಹೋಗ್ತೈತಿ, ಹಿಸೆ ನೋಡಿ ಹೋಗೋದಿಲ್ಲ. ಅಣ್ಣನ ಹೊಲದಾಗ ಶುರುವಾಗಿ ತಮ್ಮನ ಹೊಲ ಎರಡು ಹೋಳು ಮಾಡ್ತಿತ್ತು. ಒಂದು ಮಳೆಗಾಲ ಒಡೆದರೆ ಕಟ್ಟೋರು ಯಾರು? ಸರ್ಕಾರ ಹಾಕಿದ್ದು, ಸರ್ಕಾರ ಕಟ್ಟಲಿ ಅಂತ ಬಿಟ್ಟರು. ಕೆಲವರು ಕುಂಟಿ ಹೊಡೆದು ಸಮ ಮಾಡಿದರು. ಅದೇ ಹೊತ್ತಿನಾಗ ನಮ್ಮ ಮಲೆನಾಡ ಸೆರಗಿನ ಭತ್ತದ ಗದ್ದಿ ಬದುಗಳು ಯಾವ ಕಾಯ್ದೆ ಇಲ್ಲದೇ ತಲೆಮಾರು ಉಳಿದವು. ಬದು ಒಡೆದರೆ ಆ ವರ್ಷದ ಅನ್ನವೇ ಹೋಗ್ತೈತಿ, ಅದಕ್ಕ.

ಮುಂದೆ ಪಂಚಾಯ್ತಿ ಕಾಲ. ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆ ಪ್ರಕಾರ 1987ರಲ್ಲಿ ಚುನಾವಣೆ ಆಗಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಬಂದವು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಯಿತು. ಅದರ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯ್ತಿಗೆ ವಹಿಸಬಹುದಾದ 29 ವಿಷಯ ಅದಾವ. ಎರಡನೆಯದರಲ್ಲೇ ಭೂ ಸುಧಾರಣೆ ಮತ್ತು ಮಣ್ಣಿನ ಸಂರಕ್ಷಣೆ ಐತಿ. ಮೂರನೆಯದು ಸಣ್ಣ ನೀರಾವರಿ ಮತ್ತು ಜಲಾನಯನ. ಕೇಂದ್ರದ ಜಲಾನಯನ ಕೆಲಸವನ್ನು 2003ರ ಹರಿಯಾಲಿ ಮಾರ್ಗಸೂಚಿ ಪಂಚಾಯ್ತಿ ಕೈಗೆ ಕೊಟ್ಟಿತು. ಉದ್ಯೋಗ ಖಾತ್ರಿ 2005ರಲ್ಲಿ ಕಾಯ್ದೆಯಾಗಿ, 2009ರಲ್ಲಿ ಸಣ್ಣ, ಅತಿ ಸಣ್ಣ ರೈತರ ಸ್ವಂತ ಹೊಲದ ಬದು, ಹೊಂಡಕ್ಕೂ ವಿಸ್ತರಿಸಿತು. 2014ರಲ್ಲಿ ಕೃಷಿ ಭಾಗ್ಯದ ಹೊಂಡಗಳು ಬಂದವು.

ಇವೆಲ್ಲ ಒಳ್ಳೆಯವೇ. ಆದ್ರ ಒಂದು ಸಾಮಾನ್ಯ ಗುಣ ಐತಿ: ರೊಕ್ಕ ಸಿಗೋದು ಮಾಡೋದಕ್ಕೆ, ಕಾಯೋದಕ್ಕಲ್ಲ. ಹೊಸ ಬದುವಿಗೆ ಬಿಲ್ಲು ಆಗ್ತೈತಿ, ಫೋಟೋ ತೆಗೀತಾರ. ಅಜ್ಜನ ಕಾಲದ ಬದುವನ್ನು ಪ್ರತಿ ಮಳೆಗಾಲ ಹಸಿ ಮಣ್ಣು ಮೆತ್ತಿ ಉಳಿಸಿಕೊಂಡವನ ಹೆಸರು ಯಾವ ರಿಜಿಸ್ಟರಿನಾಗೂ ಇಲ್ಲ.

ಒಂದು ಯೋಜನೆ ಮಾತ್ರ ಬ್ಯಾರೆ ದಾರಿ ಹಿಡೀತು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011-12ರಲ್ಲಿ ಶುರುವಾದದ್ದು. ಸಸಿ ಹಚ್ಚಿದ್ದಕ್ಕೆ ರೊಕ್ಕ ಇಲ್ಲ, ಬದುಕಿದ ಸಸಿಗೆ ರೊಕ್ಕ. ಮೊದಲು ಮೂರು ವರ್ಷಕ್ಕೆ ಸಸಿಗೆ 45 ರೂಪಾಯಿ ಇತ್ತು, ಮುಂದೆ ಏರಿಸಿ 125 ಮಾಡಿದರು: ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50. ಬದುವಿನ ಮ್ಯಾಲ 100 ಗಿಡ ಉಳಿಸಿದರೆ ಮೂರು ವರ್ಷಕ್ಕೆ 12,500. ಶಾಸನದ ಕಟ್ಟುಗೊಡಗೆಯ ತರ್ಕವೇ ಇಲ್ಲಿ ಮತ್ತ ಬಂತು: ಉಳಿಸಿದವನಿಗೆ ಫಲ.

ಮಣ್ಣಿಗೆ ಯಾಕೆ ಹಂಗಿಲ್ಲ? ಲೆಕ್ಕ ಹಾಕ್ರಿ. ಒಂದು ಎಕರೆ ಅಂದ್ರ 43,560 ಚದರ ಅಡಿ. ಒಂದು ಅಡಿ ಮೇಲ್ಮಣ್ಣು ತೆಗೆದರೆ 43,560 ಘನ ಅಡಿ, 200 ಘನ ಅಡಿ ಹಿಡಿಯೋ ಟಿಪ್ಪರಿನಾಗ 217 ಖೇಪಿಗೂ ಮೇಲೆ. ಮಾರಿದವನಿಗೆ ಪ್ರತಿ ಖೇಪಿಗೂ ರೇಟು ಐತಿ. ಹೊಲದಾಗೇ ಇಟ್ಟುಕೊಂಡವನಿಗೆ ಯಾವ ರೇಟೂ ಇಲ್ಲ.

ಈಗ ಆ ಲೋಕಲ್ ಫಂಡಿನ ಮಾತಿಗೆ ಬರ್ರಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮ ಪಂಚಾಯ್ತಿ ತೆರಿಗೆ ಹಾಕೋದು ಕಟ್ಟಡಕ್ಕೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಾಗಕ್ಕೆ. ಗದ್ದೆ ಗದ್ದೆಯಾಗಿ ಇರೋತನಕ ಅದರಿಂದ ಪಂಚಾಯ್ತಿಗೆ ಬರೋದು ಹೆಸರಿಗಷ್ಟ. ಎನ್‌ಎ ಆಗಿ ಪ್ಲಾಟ್ ಬಿದ್ದ ದಿನದಿಂದ ಆದಾಯ ಶುರು. ನೂರೈವತ್ತು ವರ್ಷದ ಹಿಂದೆ ಹೊಲದಿಂದ ಬದುಕುತ್ತಿದ್ದ ಸ್ಥಳೀಯ ಆಡಳಿತ ಈಗ ಹೊಲ ಹೋದಾಗ ಬದುಕ್ತೈತಿ. ಇದರಾಗ ಯಾವ ಸದಸ್ಯನ ತಪ್ಪೂ ಇಲ್ಲ, ವ್ಯವಸ್ಥೆಯೇ ಹಂಗ ಐತಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲಂತೂ ಕೃಷಿಕನಲ್ಲದವನೂ ಹೊಲ ಕೊಳ್ಳಬಹುದು.

ಇದರ ಪೆಟ್ಟು ನೋಡಬೇಕಂದ್ರ ಬೆಳಗಾವಿಗೆ ಹೋಗ್ರಿ. ಶಹಾಪುರ, ವಡಗಾವಿ, ಯಳ್ಳೂರು, ಧಾಮಣೆ ಕಡೆಯ ಕರಿ ಮಣ್ಣಿನಾಗ ಬೆಳೆಯೋ ಬೆಳಗಾವಿ ಬಾಸ್ಮತಿಯ ಘಮ ಬ್ಯಾರೆ ಕಡೆ ಬರೋದಿಲ್ಲ. ಹಲಗಾ–ಮಚ್ಛೆ ಬೈಪಾಸಿಗೆ ಅದೇ ಪಟ್ಟಿಯ ಗದ್ದೆಗಳನ್ನು ಕೊಡಲಾರೆವು ಅಂತ ರೈತರು ವರ್ಷಗಟ್ಟಲೆ ಹೋರಾಡಿ ಕೋರ್ಟಿನ ಮೆಟ್ಟಿಲು ಹತ್ತಿದರು. ಭೂಮಿ ಹೋಗುವಾಗ ಅದಕ್ಕೆ ಬೆಲೆ ಕಟ್ಟಲಿಕ್ಕೆ ಕಾಯ್ದೆ ಐತಿ. ಭೂಮಿ ಇರುವಾಗ ಬೆಲೆ ಕಟ್ಟಲಿಕ್ಕೆ ಇಲ್ಲ.

ಬ್ಯಾರೆ ಕಡೆ ಏನು ಮಾಡ್ಯಾರ? ಕೇರಳದಲ್ಲಿ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ ಐತಿ. ಅದರ ಸ್ಥಳೀಯ ಸಮಿತಿಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷರೇ ಮುಖ್ಯಸ್ಥರು. 2020-21ರಿಂದ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಶುರು ಮಾಡಿದರು. ಎಕರೆಗೆ 800ರ ಆಸುಪಾಸು. ನಾಟಿ ಕೂಲಿಗೂ ಸಾಲೋದಿಲ್ಲ, ಖರೆ. ಆದ್ರ ಗದ್ದೆ ಇಟ್ಟುಕೊಳ್ಳೋದೂ ಊರಿಗೆ ಮಾಡೋ ಒಂದು ಕೆಲಸ ಅಂತ ಸರ್ಕಾರ ಒಪ್ಪಿಕೊಂಡಂಗ ಆಯಿತು. ಅಮೆರಿಕದ ನ್ಯೂಯಾರ್ಕ್ ಪಕ್ಕದ ಸಫೋಕ್ ಕೌಂಟಿ, ನಮ್ಮ ಜಿಲ್ಲಾ ಪಂಚಾಯ್ತಿ ಇದ್ದಂಗ, 1974ರಲ್ಲೇ ಇನ್ನೂ ಮುಂದೆ ಹೋಯಿತು. ಮನೆ ಕಟ್ಟಲಿಕ್ಕೆ ಮಾರಿದರೆ ಬರೋ ಬೆಲೆಗೂ ಬೇಸಾಯಕ್ಕೆ ಮಾರಿದರೆ ಬರೋ ಬೆಲೆಗೂ ಇರೋ ಅಂತರವನ್ನು ಕೌಂಟಿಯೇ ರೈತನಿಗೆ ಕೊಡ್ತೈತಿ. ಭೂಮಿ ರೈತಂದೇ, ಮಾರಬಹುದು ಕೂಡ, ಆದ್ರ ಅದು ಮುಂದೆ ಎಂದೂ ಹೊಲವಾಗೇ ಇರಬೇಕು.

ಕಾಯಂ ಕಟ್ಟು ನಮಗೆ ಆಗೋದಿಲ್ಲ ಅಂತ ನನಗೂ ಗೊತ್ತು. ಎರಡು ಎಕರೆಯವನಿಗೆ ಮಗಳ ಮದುವಿ, ದವಾಖಾನಿ ಬಂದಾಗ ಹೊಲ ಒಂದೇ ಆಸರ. ಆದ್ದರಿಂದ ನಮ್ಮದು ಕೇರಳದಂಗ ವರ್ಷ ವರ್ಷದ ಲೆಕ್ಕ ಇರಬೇಕು: ಈ ವರ್ಷ ಉಳಿಸಿದಿ, ಈ ವರ್ಷದ್ದು ತಗೋ. ರೊಕ್ಕ ಎಲ್ಲಿಂದ? ಎನ್‌ಎ ಮಾಡಿಸುವಾಗ ಸರ್ಕಾರಕ್ಕೆ ಕಟ್ಟೋ ಶುಲ್ಕದಾಗ ಒಂದು ಪಾಲು ಅದೇ ಪಂಚಾಯ್ತಿಗೆ ವಾಪಸ್ ಬಂದು, ಉಳಿದ ಗದ್ದೆಯವರಿಗೆ ಹಂಚಿಕೆ ಆಗಲಿ. ಹಂಗಾದ್ರ ಪಂಚಾಯ್ತಿಗೂ ಹೊಲ ಉಳಿಯೋದರಾಗ ಆಸಕ್ತಿ ಬರ್ತೈತಿ.

ಮುಂದಿನ ಗ್ರಾಮಸಭೆಯಲ್ಲಿ ನಾನು ಮೂರು ಠರಾವು ಕೇಳಾಂವ ಅದೀನಿ. ಒಂದು, ಊರಿನ ಗದ್ದೆ ಸರ್ವೇ ನಂಬರುಗಳ ಪಟ್ಟಿ ಪಂಚಾಯ್ತಿ ಅಭಿವೃದ್ಧಿ ಯೋಜನೆಯಲ್ಲಿ ಬರೀಬೇಕು. ಎರಡು, ಹೊಸ ಬದುವಿನ ಜೋಡಿ ಹಳೇ ಬದುವಿನ ದುರಸ್ತಿಗೂ ಕೆಲಸ ಹಾಕಬೇಕು. ಮೂರು, ಎನ್‌ಎ ಶುಲ್ಕದ ಪಾಲಿನ ಬೇಡಿಕೆ ಜಿಲ್ಲಾ ಪಂಚಾಯ್ತಿ ಮೂಲಕ ಸರ್ಕಾರಕ್ಕೆ ಹೋಗಬೇಕು. ಮೊದಲಿನ ಎರಡಕ್ಕೆ ಬೆಂಗಳೂರಿನ ದಾರಿ ಕಾಯೋದು ಬೇಕಾಗಿಲ್ಲ, ಊರಾಗೇ ಶುರು ಮಾಡಬಹುದು. ಆಗೋತನಕ ಬಾಯಿ ಮಾತಿಗೆ ಒಪ್ಪಬ್ಯಾಡ್ರಿ, ಠರಾವು ಬುಕ್ಕಿನಾಗ ಬರೆಸಿ ನಕಲು ತಗೋರಿ.