ಕುಂದಾಪುರ ಸೀಮೆಯ ದಾರಿಗಳು: ಬಿಸಿಲು, ಮಳೆ ಮತ್ತು ಸಂಚಾರದ ಇತಿಹಾಸ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಬಿರುಸು ಹವೆ ಜನರ ಓಡಾಟವನ್ನು ಶತಮಾನಗಳಿಂದ ತಡೆಯುತ್ತ, ತಿರುಗಿಸುತ್ತ ಬಂದಿದೆ.    ಬಿಸಿಲು ಮಾರ್ಚ್‌ನಲ್ಲಿ ಏರತೊಡಗಿ, ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಡನೆ ಒಡೆದು, ಜೂನ್ ಮೊದಲ ವಾರ ನೈರುತ್ಯ ಮುಂಗಾರಿಗೆ ಜಾಗ ಬಿಡುತ್ತದೆ. ವರ್ಷದ ಸುಮಾರು 4,000 ಮಿ.ಮೀ. ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು ಹೋಗುತ್ತದೆ. ಹಾಗಾಗಿ ಈ ಸೀಮೆಯ ದಾರಿಗಳ ಇತಿಹಾಸವನ್ನು ಬಿಸಿಲು, ಮಳೆ ಎರಡನ್ನೂ ಒಟ್ಟಿಗೆ ಇಟ್ಟೇ ನೋಡಬೇಕು.

ಕುಂದಾಪುರದಿಂದ ದಕ್ಷಿಣಕ್ಕೆ ಸುಮಾರು 9 ಕಿ.ಮೀ. ದೂರದ ಕುಂಭಾಶಿಯ ಸ್ಥಳಪುರಾಣವೂ ಹವೆಯ ಮಾತಿನಿಂದಲೇ ಶುರುವಾಗುತ್ತದೆ. ಬರ ಬಿದ್ದು ನೆಲ ಬಾಯಿಬಿಟ್ಟಾಗ ಅಗಸ್ತ್ಯ ಮುನಿಗಳು ಮಳೆಗಾಗಿ ಯಜ್ಞ ಕೈಗೊಂಡರು, ಕುಂಭಾಸುರ ಅಡ್ಡಬಂದ, ಗಣಪತಿಯಿಂದ ಖಡ್ಗ ಪಡೆದ ಭೀಮಸೇನ ಅವನನ್ನು ಕೊಂದ ಎಂಬುದು ಆನೆಗುಡ್ಡೆಯ ವಿನಾಯಕ ಕ್ಷೇತ್ರದ ಕತೆ. ಇಲ್ಲಿನ ರಥೋತ್ಸವ ಮಾರ್ಗಶಿರದಲ್ಲಿ, ನೆರೆಯ ಕೋಟೇಶ್ವರದ ಕೊಡಿಹಬ್ಬವೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಮಳೆ ಹೋಗಿ, ದಾರಿ ಒಣಗಿ, ಬಿಸಿಲು ಇನ್ನೂ ಸುಡದ ತಿಂಗಳುಗಳಲ್ಲೇ ದೊಡ್ಡ ಜಾತ್ರೆಗಳು ನಿಂತಿರುವುದರಲ್ಲಿ ನಡೆದು ಬರುತ್ತಿದ್ದವರ ಅನುಕೂಲವೂ ಸೇರಿದ್ದೀತು.

ನೆರಳಿನ ದಾರಿ

ಈ ಕರಾವಳಿಯ ದಾರಿಯ ಬಗ್ಗೆ ಸಿಗುವ ಹಳೆಯ ಬರಹಗಳಲ್ಲಿ ಅತ್ಯಂತ ಕಣ್ಣಿಗೆ ಕಟ್ಟುವಂಥದ್ದು 14ನೇ ಶತಮಾನದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತನದು. ಅವನ ಲೆಕ್ಕದಲ್ಲಿ ಮಲಬಾರ್ ಗೋವೆಯ ಕಡೆಯಿಂದಲೇ ಆರಂಭವಾಗಿ ಕೊಲ್ಲಂವರೆಗೆ ಹಬ್ಬಿತ್ತು. ಅದರಲ್ಲಿ ಅವನು ಹೆಸರಿಸುವ ಮೊದಲ ಊರುಗಳಾದ ಅಬೂಸರೂರ್, ಫಾಕನೂರ್‌ಗಳನ್ನು ಬಸ್ರೂರು, ಬಾರ್ಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ದಾರಿ ಉದ್ದಕ್ಕೂ ಮರಗಳ ನೆರಳಿನಲ್ಲಿ ಸಾಗುತ್ತದೆ, ಅರ್ಧರ್ಧ ಮೈಲಿಗೆ ಒಂದು ಮರದ ಮನೆ, ಕೂರಲು ಜಗಲಿ, ಕುಡಿಯಲು ಬಾವಿ, ನೀರು ಕೊಡಲು ಒಬ್ಬ ಆಳು ಇದ್ದಾರೆ ಎಂದು ಅವನು ವಿವರಿಸುತ್ತಾನೆ. ಹಿಂದೂಗಳಿಗೆ ಪಾತ್ರೆಯಲ್ಲಿ ಕೊಡುತ್ತಿದ್ದ ನೀರನ್ನು ಮುಸಲ್ಮಾನರಿಗೆ ಬೊಗಸೆಗೆ ಎರೆಯುತ್ತಿದ್ದರು ಎಂಬುದನ್ನೂ ಬಿಡದೆ ಬರೆದಿದ್ದಾನೆ. ಸವಾರಿಯ ಪ್ರಾಣಿಗಳು ಕಾಣುತ್ತಿರಲಿಲ್ಲ, ಕುದುರೆ ಅರಸನಿಗೆ ಮಾತ್ರ, ಸರಕೆಲ್ಲ ಆಳುಗಳ ಬೆನ್ನ ಮೇಲೆ.

ನಡೆಯುವವನಿಗೂ ಹೊರುವವನಿಗೂ ಬಿಸಿಲೇ ಮೊದಲ ಶತ್ರು. ಕರಾವಳಿಯ ಬಿಸಿಲು ಬಯಲುಸೀಮೆಯಂತೆ ಒಣಗಿಸುವುದಿಲ್ಲ, ಬೆವರು ಆರದೆ ಮೈಯಲ್ಲೇ ಉಳಿದು ಆಯಾಸ ಹೆಚ್ಚಿಸುತ್ತದೆ. ಅದಕ್ಕೆ ತಕ್ಕಂತೆ ಹಿಂದಿನವರು ದಾರಿಯನ್ನು ಕಟ್ಟಿಕೊಂಡರು: ಗೋಳಿಮರ, ಅಶ್ವತ್ಥ, ಮಾವು, ಹಲಸಿನ ಸಾಲು, ಮರದ ಬುಡಕ್ಕೆ ಮುರಕಲ್ಲಿನ ಕಟ್ಟೆ, ಅಲ್ಲಲ್ಲಿ ಅರವಟ್ಟಿಗೆ. ಎದೆಮಟ್ಟಕ್ಕೆ ನೆಟ್ಟ ಎರಡು ಕಲ್ಲುಗಳ ಮೇಲೆ ಅಡ್ಡ ಚಪ್ಪಡಿ ಇಟ್ಟಿರುತ್ತಿದ್ದರು. ತಲೆಹೊರೆಯವನು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಬಗ್ಗದೆಯೇ ಮತ್ತೆ ತಲೆಗೇರಿಸಿಕೊಳ್ಳಬಹುದಿತ್ತು. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಈ ಸೀಮೆಯ ಮನೆಮನೆಯ ರೂಢಿಗೂ ಬಿಸಿಲಲ್ಲಿ ನಡೆದು ಬಂದವರ ಬಳಲಿಕೆಗೂ ನಂಟಿದ್ದೀತು. ದಾರಿಯ ಗುಣವನ್ನು ನೆರಳು, ನೀರುಗಳಿಂದ ಅಳೆದ ಕಾಲ ಅದು. ಎಂಜಿನಿಯರಿಂಗ್ ಎಂಬ ಮಾತಿಗೆ ಆ ಏರ್ಪಾಡೂ ಅರ್ಹವೇ.

ಮಳೆಗೆ ಮಣಿದ ಕಾಲ

ಬಿಸಿಲಿಗೆ ಉಪಾಯ ಹುಡುಕಿದ್ದ ಜನ ಮಳೆಗೆ ಮಾತ್ರ ತಲೆಬಾಗಿದರು. ಬ್ರಹ್ಮಾವರದ ಎರಡು ಮಗ್ಗುಲಲ್ಲಿ ಸ್ವರ್ಣಾ, ಸೀತಾ. ಕುಂದಾಪುರದ ಬಳಿ ಪಂಚಗಂಗಾವಳಿಯಾಗಿ ಕೂಡುವ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಘಟ್ಟದ ಮೇಲೆ ಆಗುಂಬೆ, ಹುಲಿಕಲ್ಲುಗಳಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಈ ಹೊಳೆಗಳಿಗೆ ಇಳಿಯುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ. ದಾಟುತ್ತದೆ ಎಂದರೆ ಕೆಳಗಿನ ಹೊಳೆಗಳ ಅವಸ್ಥೆ ಊಹಿಸಬಹುದು. ಕಡಲೂ ಆಗ ಮುಚ್ಚಿಹೋಗುತ್ತಿತ್ತು. ಬಸ್ರೂರು, ಗಂಗೊಳ್ಳಿಗಳ ಹಾಯಿಹಡಗುಗಳು ಮಳೆಗೆ ಮೊದಲೇ ದಡ ಸೇರುತ್ತಿದ್ದವು. ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ, ಮೆಣಸು ಹೊತ್ತು ಇಳಿಯುತ್ತಿದ್ದ ಎತ್ತುಗಳ ಸಾಲು ನಿಲ್ಲುತ್ತಿತ್ತು. ಮನೆಗಳಲ್ಲಿ ಅಕ್ಕಿ, ಉಪ್ಪು, ಒಣಮೀನು, ಕಟ್ಟಿಗೆ, ಹಪ್ಪಳ ಸಂಡಿಗೆ ಎಲ್ಲ ಮೇ ತಿಂಗಳೊಳಗೆ ಒಳಸೇರಬೇಕಿತ್ತು. ಹೊರಗೆ ಹೋಗಲೇಬೇಕಾದವರಿಗೆ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಗೊರಬು ಅಥವಾ ಓಲೆಕೊಡೆ.

ದಂಡು ಹೊರಡುವವರೂ ಇದೇ ಲೆಕ್ಕ ಹಾಕಬೇಕಿತ್ತು. 1783ರ ಜನವರಿಯಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೈದರಗಡದ ಘಾಟಿ ಹತ್ತಿ, ಘಟ್ಟದ ಮೇಲಿನ ಬಿದನೂರನ್ನು ಹಿಡಿದದ್ದು ಒಣ ತಿಂಗಳಲ್ಲಿ. ಅದೇ ವರ್ಷ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಮಳೆಗಾಲವಿಡೀ ಕೂತ ಟಿಪ್ಪುವಿನ ಸೈನ್ಯ ಕೆಸರು, ಕಾಯಿಲೆಗಳಲ್ಲಿ ನಲುಗಿತು. 1801ರಲ್ಲಿ ಕುಂದಾಪುರ, ಬೈಂದೂರುಗಳನ್ನು ಹಾದುಹೋದ, ಈಸ್ಟ್ ಇಂಡಿಯಾ ಕಂಪೆನಿಗಾಗಿ ಸಮೀಕ್ಷೆ ನಡೆಸುತ್ತಿದ್ದ ಫ್ರಾನ್ಸಿಸ್ ಬುಕನನ್ ಕೂಡ ವರ್ಷದ ಮೊದಲ ತಿಂಗಳುಗಳನ್ನೇ ಆರಿಸಿಕೊಂಡಿದ್ದ.

ಈ ಪಂಚಾಂಗ ಇನ್ನೂ ಜೀವಂತವಾಗಿರುವುದು ಯಕ್ಷಗಾನದಲ್ಲಿ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೊದಲಾದ ಮೇಳಗಳ ತಿರುಗಾಟ ದೀಪಾವಳಿಯ ನಂತರ ಹೊರಟು, ಮೇ ಕೊನೆಯಲ್ಲಿ ಬರುವ ಹತ್ತನಾವಧಿ ಎಂಬ ದಿನದ ಸುಮಾರಿಗೆ ಗೆಜ್ಜೆ ಬಿಚ್ಚುವುದರೊಂದಿಗೆ ಮುಗಿಯುತ್ತದೆ. ವೇಷಭೂಷಣದ ಪೆಟ್ಟಿಗೆಗಳನ್ನು ಆಳುಗಳು ಹೊತ್ತು ಹೊಳೆ, ಬಯಲು ದಾಟುತ್ತಿದ್ದ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ. ಇಂದು ಮೇಳಗಳು ಬಸ್ಸು ಲಾರಿಗಳಲ್ಲಿ ಓಡಾಡುತ್ತವೆ. ಬಯಲಾಟಕ್ಕೆ ಬಯಲು ಬೇಕಾದ್ದರಿಂದ ಪಂಚಾಂಗ ಮಾತ್ರ ಬದಲಾಗಿಲ್ಲ.

ದೋಣಿ, ಬಸ್ಸು, ಸೇತುವೆ

19ನೇ ಶತಮಾನದಲ್ಲಿ ಗಾಡಿ ರಸ್ತೆಗಳು, ಘಾಟಿ ರಸ್ತೆಗಳು ಬಂದವು. 20ನೇ ಶತಮಾನದ ಎರಡನೆಯ ದಶಕದಲ್ಲಿ ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಮೋಟಾರು ಬಸ್ಸು ತಂದಿತು. ಆದರೆ ಬಸ್ಸು ಹೊಳೆಯ ದಡದಲ್ಲಿ ನಿಲ್ಲಬೇಕಿತ್ತು. ಜನ ಗಂಟುಮೂಟೆಯೊಂದಿಗೆ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಕಾದಿದ್ದ ಇನ್ನೊಂದು ಬಸ್ಸು ಹತ್ತುವುದು ರೂಢಿ. ಬೇಸಗೆಯಲ್ಲಿ ಅರ್ಧ ದಿನದ ಪ್ರಯಾಣ ಆಷಾಢದಲ್ಲಿ ಎಷ್ಟಾದೀತೆಂದು ಹೇಳುವಂತಿರಲಿಲ್ಲ. ಹೊಳೆ ಕೆಂಪಾಗಿ ಉಕ್ಕಿದ ದಿನ ಅಂಬಿಗ ಹುಟ್ಟು ಕೆಳಗಿಟ್ಟರೆ ಅಲ್ಲಿಗೆ ಮುಗಿಯಿತು. ಬಾಣಂತಿ, ರೋಗಿ, ಪರೀಕ್ಷೆಗೆ ಹೊರಟ ಹುಡುಗ ಯಾರೇ ಇದ್ದರೂ ನೀರು ಇಳಿಯುವವರೆಗೆ ಕಾಯಬೇಕು.

ಸ್ವಾತಂತ್ರ್ಯದ ನಂತರ ಪಂಚವಾರ್ಷಿಕ ಯೋಜನೆಗಳಲ್ಲಿ ಪಶ್ಚಿಮ ಕರಾವಳಿ ರಸ್ತೆ ಕೈಗೆತ್ತಿಕೊಂಡದ್ದು, 1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯ ಸೇರಿದ್ದು, ಮುಂದಿನ ದಶಕಗಳಲ್ಲಿ ಹೊಳೆಗೊಂದರಂತೆ ಸೇತುವೆಗಳು ಎದ್ದದ್ದು ಈ ಸೀಮೆಯ ಬದುಕನ್ನೇ ಬದಲಿಸಿತು. ಮಳೆಗಾಲದಲ್ಲೂ ದಿನಾಲೂ ಕಾಲೇಜಿಗೆ, ಕಚೇರಿಗೆ, ಆಸ್ಪತ್ರೆಗೆ ಹೋಗಿಬರುವುದು ಸಾಧ್ಯವಾದದ್ದು ಆಮೇಲೆ. ರಸ್ತೆ ರಾಷ್ಟ್ರೀಯ ಹೆದ್ದಾರಿ 17 ಆಯಿತು, 2010ರಲ್ಲಿ 66 ಎಂಬ ಹೊಸ ಸಂಖ್ಯೆ ಪಡೆಯಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಇನ್ನೊಂದು ದಾರಿ ಕೊಟ್ಟಿತಾದರೂ ಅದೂ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇಟ್ಟುಕೊಂಡು ನಿಧಾನವಾಗಿ ಓಡುತ್ತದೆ.

ಘಾಟಿಗಳು ಮಾತ್ರ ಇನ್ನೂ ಹಳೆಯ ಕಾಲದಲ್ಲೇ ಇವೆ ಎನ್ನಬಹುದು. ಹೊಸಂಗಡಿಯಿಂದ ಏರುವ ಬಾಳೆಬರೆ, ಕೊಲ್ಲೂರಿನಿಂದ ನಾಗೋಡಿ, 14 ತಿರುವುಗಳ ಆಗುಂಬೆ: ಮಳೆ ಜೋರಾದಾಗ ಒಂದಲ್ಲ ಒಂದು ಕಡೆ ಮಣ್ಣು ಜಾರುತ್ತದೆ, ಮರ ಬೀಳುತ್ತದೆ. ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ಮಳೆಗಾಲದ ನಿಷೇಧ ಬೀಳುವುದು ಮಾಮೂಲು. ಹಾಗಾದಾಗ ಲಾರಿಗಳು ಬಾಳೆಬರೆಯತ್ತ ತಿರುಗಿ, ಆ ಸಣ್ಣ ರಸ್ತೆಯ ಮೇಲೆ ಹೊರೆ ಬೀಳುತ್ತದೆ.

ಚತುಷ್ಪಥ ಬಂದ ಮೇಲೆ

ಹೆದ್ದಾರಿ ನಾಲ್ಕು ಪಥವಾದಾಗ ಹಲವು ಕಡೆ ಮಣ್ಣು ತುಂಬಿಸಿ ಅದನ್ನು ಎತ್ತರಿಸಲಾಯಿತು. ಪೂರ್ವದ ಗುಡ್ಡದಿಂದ ಪಶ್ಚಿಮದ ಕಡಲಿಗೆ ಹರಿಯುವ ನೂರಾರು ತೋಡುಗಳಿಗೆ ಅದು ಅಡ್ಡ ಕಟ್ಟಿದ ದಂಡೆಯಾಯಿತು. ಮೋರಿ ಸಾಲದ ಕಡೆ ನೀರು ಸರ್ವಿಸ್ ರಸ್ತೆಗೆ, ಗದ್ದೆಗೆ, ಅಂಗಳಕ್ಕೆ ನುಗ್ಗುತ್ತದೆ. ಇದಕ್ಕೆ ಜನ ಕೊಟ್ಟ ಹೆಸರು ಕೃತಕ ನೆರೆ. ಮೇಲಿನ ಪಥದಲ್ಲಿ ಕಾರು ಸಲೀಸಾಗಿ ಓಡುತ್ತಿರುವಾಗ ಕೆಳಗೆ ಶಾಲೆಯ ಮಕ್ಕಳು ಮೊಣಕಾಲು ನೀರಲ್ಲಿ ನಡೆಯುವುದನ್ನು ಅಭಿವೃದ್ಧಿ ಎಂದು ಒಪ್ಪಲು ಸಾಧ್ಯವಿಲ್ಲ.

ಬೈಂದೂರಿನ ಒತ್ತಿನೆಣೆಯಲ್ಲಿ ತೊಂದರೆ ನೆಲದೊಳಗಿತ್ತು. ಇಲ್ಲಿನ ಗುಡ್ಡಗಳಿಗೆ ಮೇಲೆ ಗಟ್ಟಿ ಮುರಕಲ್ಲಿನ ಹೊದಿಕೆ, ಅಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು. ಬೇಸಗೆಯಲ್ಲಿ ಗೋಡೆಯಂತೆ ನಿಲ್ಲುವ ಈ ಮಣ್ಣು ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ಗುಡ್ಡವನ್ನು ನೆಟ್ಟಗೆ ಕಡಿದ ಮೇಲೆ ಬಂದ 2017ರ ಮಳೆಗಾಲದಲ್ಲಿ ಅದು ಹೆದ್ದಾರಿಗೇ ಕುಸಿಯಿತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಇದೇ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಜೀವಗಳು ಹೋದವು, ಲಾರಿಗಳು ಗಂಗಾವಳಿ ನದಿ ಪಾಲಾದವು, ಗೋವೆಯ ಕಡೆಗಿನ ಸಂಚಾರ ಹಲವು ದಿನ ನಿಂತಿತು. ಬೈಂದೂರು ತಾಲೂಕಿನಲ್ಲೂ ಶಿರೂರು ಎಂಬ ಊರು ಇದೇ ಹೆದ್ದಾರಿಯಲ್ಲಿದೆ, ಎರಡನ್ನೂ ಒಂದೆಂದು ಎಣಿಸಬಾರದು. ಅಂಕೋಲಾದ ಕುಸಿತವಾದ ಮೂರು ವಾರಕ್ಕೆ, ಆಗಸ್ಟ್ 7ರಂದು, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು.

ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಪ್ರವಾಸಿಗರು ಮೆಚ್ಚುವ ಈ ಜಾಗವನ್ನು ಪ್ರತಿ ಮಳೆಗಾಲವೂ ಕಡಲ್ಕೊರೆತ ಕಾಡುತ್ತದೆ, ಕಲ್ಲಿನ ತಡೆಗೋಡೆಯೇ ಅದನ್ನು ಕಾಯುತ್ತಿದೆ. 2021ರ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಇನ್ನೂ ಎರಡು ವಾರಕ್ಕೂ ಹೆಚ್ಚು ದಿನ ಇರುವಾಗಲೇ, ತೌಕ್ತೆ ಚಂಡಮಾರುತ ಇಲ್ಲಿನ ಮೀನುಗಾರರ ಒಳರಸ್ತೆಯನ್ನು ಕಿತ್ತು ಹಾಕಿತು. ಅದರ ಹಿಂದಿನ ವರ್ಷ, 2020ರ ಸೆಪ್ಟೆಂಬರ್ 20ರಂದು, ಮಳೆ ಇಳಿಮುಖವಾಗಬೇಕಾದ ಹೊತ್ತಿನಲ್ಲಿ, ಸ್ವರ್ಣಾ, ಸೀತಾ ದಡದ ರಸ್ತೆಗಳು ಮುಳುಗಿ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಗಿತ್ತು. ಬಿರುಮಳೆ ಈಗ ಪಂಚಾಂಗದ ಲೆಕ್ಕವನ್ನು ಮೀರುತ್ತಿದೆ.

ಕಾಲುಸಂಕ

ಹೆದ್ದಾರಿಯ ಸುದ್ದಿಗಳ ನಡುವೆ ಮರೆಯಾಗುವ ದಾರಿಯೊಂದಿದೆ. ಬೈಂದೂರು, ಕುಂದಾಪುರ ತಾಲೂಕುಗಳ ಒಳಗ್ರಾಮಗಳಲ್ಲಿ ಬೇಸಗೆಯಲ್ಲಿ ಒಣಗಿರುವ ತೋಡನ್ನು ಯಾರೂ ದಾರಿಯ ಅಡ್ಡಿ ಎಂದು ಎಣಿಸುವುದಿಲ್ಲ, ಇಳಿದು ಹತ್ತಿದರಾಯಿತು. ಮಳೆ ಹಿಡಿದರೆ ಅದೇ ತೋಡು ಆಳುದ್ದ ಹರಿಯುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ಊರವರು ಸೇರಿ ಕಾಲುಸಂಕ ಹಾಕುತ್ತಾರೆ. ಎರಡು ಮೂರು ಅಡಿಕೆ ಅಥವಾ ತೆಂಗಿನ ಮರದ ಕಾಂಡಗಳನ್ನು ದಡದಿಂದ ದಡಕ್ಕೆ ಚಾಚಿ, ಬಳ್ಳಿಯಿಂದಲೋ ಹಗ್ಗದಿಂದಲೋ ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳು ಕಟ್ಟುತ್ತಾರೆ. ಜುಲೈ ಹೊತ್ತಿಗೆ ಕಾಂಡದ ಮೇಲೆ ಪಾಚಿ ಹಿಡಿಯುತ್ತದೆ. ಬೆನ್ನಿಗೆ ಚೀಲ, ಒಂದು ಕೈಯಲ್ಲಿ ಕೊಡೆ ಹಿಡಿದ ಮಗುವಿಗೆ ಗಳು ಹಿಡಿಯಲು ಉಳಿಯುವುದು ಒಂದೇ ಕೈ. ಗಾಳಿ ಬಂದು ಕೊಡೆ ಮಗುಚಿದರೆ ಆ ಕೈಯೂ ಬಿಡುತ್ತದೆ.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಹೀಗೆ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಮಲೆನಾಡು, ಕರಾವಳಿಯ ಮಕ್ಕಳಿಗಾಗಿ ಕಿರುಸೇತುವೆ ಕಟ್ಟುವ ‘ಶಾಲಾ ಸಂಪರ್ಕ ಸೇತು’ ಯೋಜನೆ ಅಷ್ಟರಲ್ಲಾಗಲೇ ಬಂದಿತ್ತು, ಆ ತೋಡಿಗೆ ಮಾತ್ರ ಅದು ತಲುಪಿರಲಿಲ್ಲ. ದುರಂತದ ನಂತರ ಕಾಲುಸಂಕಗಳ ಪ್ರಶ್ನೆ ಜಿಲ್ಲೆಯಲ್ಲಿ ಮುನ್ನೆಲೆಗೆ ಬಂತು. ಭಾರಿ ಮಳೆಯ ದಿನ ಶಾಲೆಗಳಿಗೆ ರಜೆ ಸಾರುವ ಕ್ರಮವನ್ನು ಪಟ್ಟಣದಲ್ಲಿ ಕೂತು ಟೀಕಿಸುವವರು ಈ ಅಡಿಕೆ ಮರದ ದಾರಿಯನ್ನು ಒಮ್ಮೆ ನೋಡಿ ಬರಬೇಕು.

ಬಿಸಿಲು ಮತ್ತೆ

ಮಳೆಯ ವಿರುದ್ಧ ಇಷ್ಟೆಲ್ಲ ಕಟ್ಟಿದ ಕಾಲ ಬಿಸಿಲನ್ನು ಮರೆಯಿತು. ಅಗಲೀಕರಣಕ್ಕೆ ಹೆದ್ದಾರಿಯ ಎರಡೂ ಬದಿಯ ಹಳೆಯ ಮರಗಳು ಉರುಳಿದವು. ವಿಭಜಕದಲ್ಲಿ ನೆಟ್ಟ ಹೂಗಿಡಗಳು ನೆರಳು ಕೊಡುವ ಜಾತಿಯವಲ್ಲ. ಮಧ್ಯಾಹ್ನದ ಡಾಂಬರು ಗಾಳಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾಯುವುದುಂಟು. ಬೈಕಿನವರು, ಬಸ್ಸಿಗೆ ಕಾಯುವವರು, ಆನೆಗುಡ್ಡೆಗೆ ನಡೆದು ಬರುವ ಹರಕೆಯವರು ಅದರ ನೇರ ಬಲಿಪಶುಗಳು. ಮೇ ತಿಂಗಳ ಮೊದಲ ಮಳೆಯೂ ಬಿಸಿಲಿನದೇ ಮುಂದುವರಿದ ಅಪಾಯ: ತಿಂಗಳುಗಟ್ಟಲೆ ರಸ್ತೆಗೆ ಅಂಟಿದ ಎಣ್ಣೆ, ಧೂಳು, ಟಯರಿನ ಪುಡಿ ಮೊದಲ ಹನಿಗಳೊಂದಿಗೆ ಕಲೆತು ಜಾರುವ ಪದರವಾಗುತ್ತದೆ. ಚೆನ್ನಾಗಿ ಹೊಯ್ದು ತೊಳೆದುಹೋಗುವವರೆಗೆ ದ್ವಿಚಕ್ರ ವಾಹನಗಳು ಉರುಳುತ್ತಲೇ ಇರುತ್ತವೆ.

ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. 2023ರ ಮಾರ್ಚ್‌ನಲ್ಲಿ, ಮತ್ತೆ 2025ರಲ್ಲಿ ಫೆಬ್ರವರಿ ಮುಗಿಯುವ ಮೊದಲೇ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂತು. ಮಳೆಯ ಎಚ್ಚರಿಕೆ ಬಂದರೆ ಶಾಲೆಗೆ ರಜೆ, ಘಾಟಿಗೆ ನಿಷೇಧ, ಬದಲಿ ದಾರಿಯ ಆದೇಶ ಹೊರಡುತ್ತವೆ. ಬಿಸಿಗಾಳಿಯ ದಿನ ರಸ್ತೆಯಲ್ಲಿರುವವರಿಗೆ ಸಿಗುವುದು ಮಧ್ಯಾಹ್ನ ಹೊರಬರಬೇಡಿ ಎಂಬ ಸಲಹೆ, ಸಂಘ ಸಂಸ್ಥೆಗಳು ಇಟ್ಟ ಕುಡಿಯುವ ನೀರು, ಮತ್ತು ಸರ್ವಿಸ್ ರಸ್ತೆಯ ಅಂಚಿನ ಬೊಂಡ, ಬಚ್ಚಂಗಾಯಿಯ ಅಂಗಡಿಗಳು.