ಅಪ್ಪನ ಬೀಡಿ ಮತ್ತು ಧಾತು ಬರ

ಅರಸೀಕೆರೆಯ ಒಂದು ಆಸ್ಪತ್ರೆ. ಅಪ್ಪನ ಸರದಿ ಬಂತು. ರಕ್ತದ ಚೀಟಿ ನೋಡಿದ ಡಾಕ್ಟರು, 'ನಿಮ್ಮ ತಂದೆಗೂ ಶುಗರ್ ಇತ್ತಾ?' ಅಂದರು. ಅಪ್ಪ ಕೊಂಚ ಯೋಚಿಸಿ, 'ನಮ್ಮಪ್ಪಂಗೆ ಇದ್ದದ್ದು ಹಸಿವು ಸ್ವಾಮಿ' ಅಂದ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ತಾತ ಹಸಿದದ್ದು ಅಪ್ಪನ ಮೈಗೆ ಬಂದಿರಬಹುದೆ? ಗೆಳೆಯರೆ, ಪದ್ಯಕ್ಕೆ ವಸ್ತು ಹುಡುಕುತ್ತ ಕೇಳಿದ ಪ್ರಶ್ನೆ ಅಲ್ಲ ಇದು. ನಮ್ಮ ಕೇರಿಯಲ್ಲಿ ಅಪ್ಪನಿಂದ ಮಗನಿಗೆ ಸಾಲ ಬರುತ್ತದೆ, ಜಾತಿಯಂತೂ ತಪ್ಪದೆ ಬರುತ್ತದೆ. ಜೀತವೂ ಬಂದಿತ್ತು. ಅದನ್ನು ನಿಲ್ಲಿಸುವ ಕಾನೂನು ಬಂದದ್ದು 1976ರಲ್ಲಿ. ಅಪ್ಪನನ್ನು ಒಡೆಯನ ಕೊಟ್ಟಿಗೆಗೆ ಬಿಟ್ಟದ್ದು ಅದಾಗಿ ಎರಡು ವರ್ಷಕ್ಕೆ, ಅವನಿಗೆ ಎಂಟು ವರ್ಷ. ಒಡೆಯನ ಬೀಡಿಗೆ ಒಲೆಯ ಕೆಂಡದಲ್ಲಿ ಬೆಂಕಿ ಹಚ್ಚಿಕೊಂಡು ಬರುವ ಕೆಲಸ ಅವನದು. ಆರದಂತೆ ಒಂದು ದಮ್ಮು ಎಳೆಯಬೇಕಿತ್ತು. ಹಾಗೆ ಕಲಿತ.

ಇನ್ನೂ ಹಿಂದಕ್ಕೆ ಹೋಗೋಣ. ಮುದುಕರು ಹೇಳುವ ಧಾತು-ಈಶ್ವರ ಬರ. ಧಾತು ಸಂವತ್ಸರ ಅಂದರೆ 1876-77, ಈಶ್ವರ ಅಂದರೆ 1877-78. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ತಲೆಗಳು 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದವು. ಮಲೆನಾಡಿಗಿಂತ ಬಯಲುಸೀಮೆ ಹೆಚ್ಚು ನರಳಿತು. ಬೇಲೂರಿನ ಪಡುವಣ ಅಂಚು ಮಲೆನಾಡು, ನಮ್ಮ ಅರಸೀಕೆರೆ ಒಣ ಬಯಲು. ಪಕ್ಕದ ಮದರಾಸು ಸೀಮೆಯಲ್ಲಿ ರಿಚರ್ಡ್ ಟೆಂಪಲ್ ಎಂಬ ದೊರೆ, ಬರಗಾಲದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದಿಷ್ಟು ಪುಡಿಗಾಸು ಸಾಕು ಎಂದು 1877ರಲ್ಲಿ ಗೊತ್ತುಮಾಡಿದ. ಒಂದು ಪೌಂಡು ಅಂದರೆ ಅರ್ಧ ಕೇಜಿಗೂ ಕಮ್ಮಿ. ಮಣ್ಣು ಹೊರುವ ಮೈಗೆ! ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಸಾಲದು ಎಂದು ಜಗಳಕ್ಕೆ ನಿಂತ. ಸತ್ತವರ ಲೆಕ್ಕವನ್ನು ಜನಗಣತಿ ಕೊಟ್ಟಿತು. ಬದುಕಿ ಉಳಿದು ಮಕ್ಕಳನ್ನು ಹೆತ್ತವರ ಮೈಯೊಳಗೆ ಏನಾಯಿತು ಎಂದು ಯಾರೂ ಬರೆದಿಡಲಿಲ್ಲ.

ಏನೂ ಆಗದು ಎಂದು ವಿಜ್ಞಾನ ಬಹುಕಾಲ ನಂಬಿತ್ತು. 1880ರ ದಶಕದಲ್ಲಿ ಜರ್ಮನಿಯ ವೈಸ್‌ಮನ್ ತಲೆಮಾರಿನ ಮೇಲೆ ತಲೆಮಾರು ಇಲಿಗಳ ಬಾಲ ಕತ್ತರಿಸಿದ. ಮರಿಗಳು ಬಾಲ ಸಮೇತವೇ ಹುಟ್ಟಿದವು. ಅಪ್ಪನ ಮೈಗೆ ಆದದ್ದು ಬೀಜಕ್ಕೆ ಮುಟ್ಟುವುದಿಲ್ಲ ಎಂದಾಯಿತು. ಈಗ ಆ ಮಾತು ಸ್ವಲ್ಪ ಸಡಿಲವಾಗಿದೆ. ಜೀನಿನ ಅಕ್ಷರ ಬದಲಾಗುವುದಿಲ್ಲ. ಆದರೆ ಯಾವ ಸಾಲು ಓದಬೇಕು, ಯಾವುದನ್ನು ಬಿಡಬೇಕು ಎಂಬ ಗುರುತುಗಳು ಅಕ್ಷರದ ಮೇಲೆ ಇರುತ್ತವೆ. ಊಟ, ಹೊಗೆ ಈ ಗುರುತನ್ನು ಬದಲಿಸಬಲ್ಲವು. ಇದಕ್ಕೆ ಎಪಿಜೆನೆಟಿಕ್ಸ್ ಅನ್ನುತ್ತಾರೆ. 2010ರಲ್ಲಿ ಗಂಡು ಇಲಿಗೆ ಕೊಬ್ಬು ತಿನ್ನಿಸಿ ನೋಡಿದರು. ಅದರ ಹೆಣ್ಣುಮರಿಗಳಲ್ಲಿ ಇನ್ಸುಲಿನ್ ಸರಿಯಾಗಿ ಸುರಿಯಲಿಲ್ಲ. ತಾಯಿ ತಿಂದದ್ದು ಮಾಮೂಲಿ ಮೇವೇ.

ಮನುಷ್ಯರ ಲೆಕ್ಕ ಹೆಚ್ಚಾಗಿ ಸ್ವೀಡನ್ನಿನಿಂದ ಬಂತು. ಅಲ್ಲಿನ ಬಡಗಣ ಮೂಲೆಯ ಓವರ್‌ಕಾಲಿಕ್ಸ್‌ನಲ್ಲಿ ಪ್ರತಿ ವರ್ಷದ ಬೆಳೆಯ ಲೆಕ್ಕ ಉಳಿದಿತ್ತು. 1890, 1905, 1920ರಲ್ಲಿ ಹುಟ್ಟಿದ ಸುಮಾರು 300 ಜನರ ಸಾವನ್ನು ಅವರ ಹಿರಿಯರ ಸುಗ್ಗಿ-ಬರಗಳ ಜೊತೆ ಇಟ್ಟು ನೋಡಿ 2002ರಲ್ಲಿ ಪ್ರಕಟಿಸಿದರು. ಓದುವಾಗ ನನ್ನ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಿತ್ತು: ತಾತನ ಹಸಿವು, ಮೊಮ್ಮಗನ ಸಕ್ಕರೆ. ಪುಟ ತಿರುಗಿಸಿದರೆ ಉಲ್ಟಾ! ಅಪ್ಪನ ಅಪ್ಪ ಮೀಸೆ ಮೂಡುವ ಮುಂಚಿನ ವರ್ಷಗಳಲ್ಲಿ ಹೊಟ್ಟೆ ಬಿರಿಯ ಉಂಡಿದ್ದರೆ ಮೊಮ್ಮಕ್ಕಳಲ್ಲಿ ಸಕ್ಕರೆ ಕಾಯಿಲೆಯ ಸಾವು ಹೆಚ್ಚು. ಹಸಿದವನ ಕುಲಕ್ಕಲ್ಲ, ಉಂಡವನ ಕುಲಕ್ಕೆ. 2018ರಲ್ಲಿ ಉಪ್ಸಲಾದ ಇನ್ನೂ ದೊಡ್ಡ ಲೆಕ್ಕ ಹೊರಬಂತು. ಅಲ್ಲಿಯೂ ಅಜ್ಜನ ಊಟಕ್ಕೂ ಗಂಡು ಮೊಮ್ಮಕ್ಕಳ ಸಾವಿಗೂ ನಂಟು ಕಂಡಿತು. ಆದರೆ ಸಕ್ಕರೆಗಲ್ಲ, ಕ್ಯಾನ್ಸರಿಗೆ. ಹಾಗಾಗಿ ನಮ್ಮಪ್ಪನ ಶುಗರನ್ನು ಒಯ್ದು ಧಾತು ಬರದ ತಲೆಗೆ ಕಟ್ಟಲು ನನಗೆ ಹಕ್ಕಿಲ್ಲ. ಕಟ್ಟಿಬಿಡೋಣ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ.

ಬೀಡಿಯ ಮಾತು ಬೇರೆ. ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಮನೆಗಳ ಲೆಕ್ಕ 2006ರಲ್ಲಿ ಬಂತು. ಹನ್ನೊಂದು ತುಂಬುವ ಮುಂಚೆ ಸೇದಲು ಹಿಡಿದ ಅಪ್ಪಂದಿರು 166 ಜನ. ಅವರ ಗಂಡುಮಕ್ಕಳು ಒಂಬತ್ತರ ವಯಸ್ಸಿಗೆ ಉಳಿದವರ ಮಕ್ಕಳಿಗಿಂತ ದಪ್ಪ. ಹೆಣ್ಣುಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನಮ್ಮಪ್ಪ ಆ ಲೆಕ್ಕಕ್ಕೆ ಸಲ್ಲುವವನೇ. ನಾನೋ ಕಡ್ಡಿ. ದಪ್ಪ ಆಗಲು ಊಟವೂ ಬೇಕಲ್ಲ!

ನಮ್ಮ ಹತ್ತಿರದ ಲೆಕ್ಕ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಹೇಳಿದರು: ಹುಟ್ಟುವಾಗ ಎರಡೂವರೆ ಕೇಜಿ ಅಥವಾ ಕಮ್ಮಿ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ, 3.1 ಕೇಜಿ ದಾಟಿದವರಲ್ಲಿ 3 ಜನಕ್ಕೆ. ಹಸಿವು ಮೈಗೆ ಇಳಿಯುವ ದಾರಿ ಇಲ್ಲಿ ಕಾಣುತ್ತದೆ. ಆದರೆ ಇದು ತಾಯ ಬಸುರಿನ ದಾರಿ, ಅಪ್ಪನ ಬೀಜದ್ದಲ್ಲ.

ಬೀಜ ಅಂದಕೂಡಲೆ ಭಯವಾಗುತ್ತದೆ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯ ಬೀಜ ದೊಡ್ಡದೋ ಹೊಲ ದೊಡ್ಡದೋ ಎಂದು ಚರ್ಚಿಸುತ್ತದೆ. ಬೀಜದ ಕೈ ಮೇಲು ಮಾಡುತ್ತದೆ. 'ವಿದ್ಯೆ ಅವರ ರಕ್ತದಲ್ಲೇ ಐತೆ ಬಿಡು' ಅನ್ನುವ ಜನಕ್ಕೆ ಈ ಹೊಸ ವಿಜ್ಞಾನ ಹೊಸ ಪಂಚಾಂಗ ಆಗಿಬಿಟ್ಟೀತು. ಅವರು ಒಂದು ಸಲ ಬೇಲೂರಿಗೆ ಹೋಗಲಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. 2023ರಲ್ಲಿ ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಶಿಲೆಯ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರೆ. ಆ ಕೈಚಳಕ ವೀರ್ಯದಲ್ಲಿ ಹರಿದದ್ದಲ್ಲ; ದಾಸೋಜ ಮಗನ ಕೈಗೆ ಉಳಿ ಕೊಟ್ಟ, ಪಕ್ಕದಲ್ಲಿ ಕೂರಿಸಿಕೊಂಡ. ನಮ್ಮವರ ಕೈಗೆ ಉಳಿ ಕೊಡಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಭ್ರೂಣ ಕಟ್ಟುವ ಮೊದಲ ದಿನಗಳಲ್ಲಿ ಅಪ್ಪನ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ಕೆಲವು ಉಳಿಯುತ್ತವೆಯೇ ಅನ್ನುವುದೇ ವಾದ. ಒಂದು ವೀರ್ಯಾಣು ಬಲಿಯಲು ಹಿಡಿಯುವುದು ಎರಡೂವರೆ ತಿಂಗಳು. ಇದನ್ನು ಕಳೆದ ತಿಂಗಳು ಭಾವನಿಗೆ ಹೇಳಿದೆ. ತೆಂಗಿನ ತೋಟದ ಕೂಲಿ ಅವನು. ಬೀಡಿ ಆರಿಸಿ, 'ಎರಡೂವರೆ ತಿಂಗ್ಳು ಬಿಟ್ರೆ ಸಾಕೇನ್ಲಾ?' ಅಂದ. ಅಕ್ಕ ಆಗಲೇ ಐದು ತಿಂಗಳ ಬಸುರಿ. ಗೂಡಿನಲ್ಲಿ ಅವಳ ತಾಯಿ ಕಾರ್ಡು ಇತ್ತು. ತೆಗೆದು ನೋಡಿದೆ: ಅವಳ ತೂಕ ಇದೆ, ರಕ್ತದ ಪ್ರಮಾಣ ಇದೆ, ಗಂಡನ ಹೆಸರೂ ಇದೆ. ಅವನು ಎಷ್ಟನೇ ವಯಸ್ಸಿಗೆ ಯಾರ ಬೀಡಿಗೆ ಬೆಂಕಿ ಹಚ್ಚಿದ ಅನ್ನುವುದಕ್ಕೆ ಅದರಲ್ಲಿ ಜಾಗ ಇರಲಿಲ್ಲ.